ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಕೊಳ್ಳುವಾಗ



ಹಳೆಯ ಸೈಕಲ್ಲನ್ನೋ ಸ್ಕೂಟರನ್ನೋ ಕೊಳ್ಳುವಾಗ ಏನೇನು ನೋಡಬೇಕು ಎಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಚಕ್ರ ತಿರುಗಿಸಿ ನೋಡುತ್ತೀರಿ, ಬ್ರೇಕು ಒತ್ತಿ ನೋಡುತ್ತೀರಿ, ಜೊತೆಗೆ ತಿಳಿದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗುತ್ತೀರಿ. ಈ ದಿನ ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಹಳೆಯ ದೋಣಿಯೊಂದನ್ನು ಕೊಳ್ಳುವ ವಿಚಾರ. ಅದೂ ನಮ್ಮ ಕರಾವಳಿಯ ದೋಣಿಯಲ್ಲ; ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ ರಾಜ್ಯದಲ್ಲಿ ಜನರು ಕೆರೆ ಸರೋವರಗಳಲ್ಲಿ ಮೀನು ಹಿಡಿಯಲು ಬಳಸುವ ಪುಟ್ಟ ಅಲ್ಯೂಮಿನಿಯಂ ದೋಣಿ. ಇಷ್ಟು ದೂರದ ವಸ್ತುವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ನೀವು ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಓದುವ ನಾಲ್ಕಾರು ಪಾಠಗಳು ಆ ಒಂದು ದೋಣಿಯಲ್ಲಿ ಒಟ್ಟಿಗೆ ಕೂಡಿಕೊಂಡಿರುವುದು ಒಂದು. ಅಂಥ ದೋಣಿಯೊಂದನ್ನು ಕೊಂಡು ನಾನು ಮೋಸಹೋದದ್ದು ಇನ್ನೊಂದು.

ಮಿನ್ನೆಸೋಟದ ವಾಹನಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಸರೋವರಗಳು ಎಂದು ಬರೆದಿರುತ್ತದೆ. ಅದು ಉತ್ಪ್ರೇಕ್ಷೆಯಲ್ಲ. ಹತ್ತು ಎಕರೆಗಿಂತ ದೊಡ್ಡದಾದವುಗಳನ್ನು ಮಾತ್ರ ಎಣಿಸಿದರೂ ಅಲ್ಲಿ 11,842 ಸರೋವರಗಳಿವೆ. ಹೀಗಾಗಿ ಅಲ್ಲಿ ಸಾಮಾನ್ಯ ಕೂಲಿಕಾರನ ಮನೆಯ ಅಂಗಳದಲ್ಲಿಯೂ ಒಂದು ದೋಣಿ ಮಗುಚಿಕೊಂಡು ಬಿದ್ದಿರುವುದನ್ನು ಕಾಣಬಹುದು. ಎರಡನೆಯ ಮಹಾಯುದ್ಧದವರೆಗೆ ಇವು ಹೆಚ್ಚಾಗಿ ಮರದವು. ಯುದ್ಧದ ಕಾಲದಲ್ಲಿ ವಿಮಾನಗಳಿಗಾಗಿ ಅಪಾರ ಪ್ರಮಾಣದಲ್ಲಿ ಅಲ್ಯೂಮಿನಿಯಂ ತಯಾರಾಯಿತು. ತೆಳು ತಗಡುಗಳನ್ನು ರಿವೆಟ್ ಹೊಡೆದು ಕೂಡಿಸುವ ಕೌಶಲ ಸಾವಿರಾರು ಕೆಲಸಗಾರರಿಗೆ ಕೈವಶವಾಯಿತು. ಯುದ್ಧವಿಮಾನಗಳನ್ನು ಕಟ್ಟುತ್ತಿದ್ದ ಗ್ರಮನ್ ಕಂಪನಿಯ ಹಿರಿಯ ಅಧಿಕಾರಿ ವಿಲಿಯಂ ಹಾಫ್‌ಮನ್ 1944ರಲ್ಲಿ ರಜೆಯ ಮೇಲೆ ಹೋಗಿದ್ದಾಗ ಭಾರವಾದ ಮರದ ದೋಣಿಯನ್ನು ಹೆಗಲ ಮೇಲೆ ಹೊತ್ತು ದಣಿದರಂತೆ. ವಿಮಾನದ ತಗಡಿನಿಂದಲೇ ದೋಣಿಯನ್ನೇಕೆ ಮಾಡಬಾರದು ಎಂಬ ಯೋಚನೆ ಅವರಿಗೆ ಬಂದದ್ದು ಆಗ. 1945ರಲ್ಲಿ ಗ್ರಮನ್ ಅಲ್ಯೂಮಿನಿಯಂ ದೋಣಿಗಳನ್ನು ತಯಾರಿಸತೊಡಗಿತು. 1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ನೌಕೆಯನ್ನು ಕಟ್ಟಿದ್ದೂ ಇದೇ ಕಂಪನಿ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಮಿನ್ನೆಸೋಟದಲ್ಲಿಯೂ 1940ರ ದಶಕದ ಕೊನೆಯಲ್ಲಿ ಅಲ್ಯೂಮಾಕ್ರಾಫ್ಟ್, ಲುಂಡ್ ಮುಂತಾದ ಹೆಸರಿನ ದೋಣಿಗಳು ಹುಟ್ಟಿಕೊಂಡವು. ಆ ಕಾಲದ ದೋಣಿಗಳಲ್ಲಿ ಕೆಲವು ಇಂದಿಗೂ ನೀರಿನ ಮೇಲಿವೆ. ಅಲ್ಯೂಮಿನಿಯಂ ದೋಣಿ ಸಾಯುವುದಿಲ್ಲ ಎಂಬ ಮಾತು ಅಲ್ಲಿ ರೂಢಿಗೆ ಬಂದಿರುವುದು ಇದರಿಂದಲೇ. ನನ್ನನ್ನು ಕೆಡಿಸಿದ್ದೂ ಈ ಮಾತೇ.

1996ರಲ್ಲಿ ನಾನು ಅಲ್ಲಿ ಲೋಹಶಾಸ್ತ್ರದ ವಿದ್ಯಾರ್ಥಿಯಾಗಿದ್ದೆ. ಮೇ ತಿಂಗಳಲ್ಲಿ ವಾಲೈ ಎಂಬ ಮೀನಿನ ಋತು ಆರಂಭವಾದರೆ ಇಡೀ ರಾಜ್ಯಕ್ಕೇ ಜಾತ್ರೆಯ ಕಳೆ ಬರುತ್ತದೆ. ನಾವು ಮೂವರು ಗೆಳೆಯರು ಕೈಯಲ್ಲಿದ್ದ ಹಣವನ್ನೆಲ್ಲ ಕೂಡಿಹಾಕಿ, ಏಪ್ರಿಲ್‌ನಲ್ಲಿ 1974ರ ಹದಿನಾಲ್ಕು ಅಡಿಯ ದೋಣಿಯೊಂದನ್ನು ಕೊಂಡೆವು. ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ತಳಕ್ಕೆ ಬೂದುಬಣ್ಣದ ರತ್ನಗಂಬಳಿಯಂಥ ಹೊದಿಕೆ ಹಾಸಿದ್ದರು. ಹಿಂದೆ 25 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್. ಲೋಹ ಓದುತ್ತಿದ್ದವನು ನಾನೊಬ್ಬನೇ ಆದ್ದರಿಂದ ಪರೀಕ್ಷೆಯ ಹೊಣೆ ನನ್ನದಾಯಿತು. ನಾನು ತಗಡನ್ನು ಬೆರಳಿನಿಂದ ತಟ್ಟಿ ನೋಡಿದೆ, ಎಲ್ಲಿಯೂ ತೂತಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಒಳ್ಳೆಯ ದೋಣಿ ಎಂದು ತೀರ್ಪು ಕೊಟ್ಟೆ.

ಮೇ ತಿಂಗಳ ಎರಡನೆಯ ಪಯಣದಲ್ಲಿ, ದಡದಿಂದ ಅರ್ಧ ಮೈಲಿ ದೂರದಲ್ಲಿ, ಇಂಜಿನ್ನಿನ ವೇಗವನ್ನು ಪೂರ್ತಿ ಏರಿಸಿದಾಗ ಹಿಂದಿನಿಂದ ಒಣಕೊಂಬೆ ಮುರಿದಂಥ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಇಂಜಿನ್ನಿನ ತಲೆ ಹಿಂದಕ್ಕೆ ಒರಗಿಕೊಂಡಿತ್ತು. ಅದನ್ನು ಹೊತ್ತಿದ್ದ ಹಿಂಬದಿಯ ಗೋಡೆ ಬಾಗಿ, ಅದರ ಮೇಲಿನಿಂದ ನೀರು ಒಳಗೆ ಬರತೊಡಗಿತ್ತು. ಇಂಜಿನ್ ನಿಲ್ಲಿಸಿ, ಮೂವರೂ ಮುಂದಕ್ಕೆ ಸರಿದು, ಭಾರವನ್ನು ಮುಂದೆ ಹಾಕಿ ಹುಟ್ಟು ಹಾಕುತ್ತ ದಡ ಸೇರಿದೆವು. ಒಬ್ಬನು ಊಟದ ಡಬ್ಬಿಯಿಂದ ನೀರು ಮೊಗೆಯುತ್ತಲೇ ಇದ್ದ. ಆ ಹೊತ್ತಿನಲ್ಲಿ ಸರೋವರದ ನೀರು ಹತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅಂಥ ನೀರಿಗೆ ಬಿದ್ದವನು ಈಜು ಬಲ್ಲವನಾದರೂ ಸುಮಾರು ಹತ್ತು ನಿಮಿಷಗಳಲ್ಲಿ ಅವನ ಕೈಬೆರಳುಗಳು ಹಿಡಿತ ಕಳೆದುಕೊಳ್ಳುತ್ತವೆ. ನಮ್ಮ ಲೈಫ್ ಜಾಕೆಟ್‌ಗಳು ಎಲ್ಲಿದ್ದವು ಎಂದು ಕೇಳುತ್ತೀರಾ? ಕುಳಿತುಕೊಳ್ಳಲು ಮೆತ್ತಗಿರಲೆಂದು ಅವುಗಳ ಮೇಲೆಯೇ ಕುಳಿತಿದ್ದೆವು.

ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರು ದೋಣಿಯ ಹಿಂಬದಿಯನ್ನು ಒಮ್ಮೆ ನೋಡಿ, ಜೇಬಿನಿಂದ ಚಾಕು ತೆಗೆದು, ಇಂಜಿನ್ ಕೂರುವ ಜಾಗದ ಅಂಚಿನಲ್ಲಿ ಚುಚ್ಚಿದರು. ಮುಗ್ಗಿದ ಬೆಲ್ಲಕ್ಕೆ ಚುಚ್ಚಿದ ಹಾಗೆ ಚಾಕು ಹಿಡಿಯವರೆಗೆ ಇಳಿಯಿತು.

"ಕೊಳ್ಳುವ ಮುಂಚೆ ಇಂಜಿನ್ ಹಿಡಿದು ಅಲುಗಾಡಿಸಿ ನೋಡಿದ್ದಿರಾ?" ಎಂದು ಕೇಳಿದರು.

"ಇಲ್ಲ, ಲೋಹ ಚೆನ್ನಾಗಿತ್ತು" ಎಂದೆ.

"ಲೋಹ ಈಗಲೂ ಚೆನ್ನಾಗಿದೆಯಪ್ಪ" ಎಂದರು.

ವಿಷಯವಿಷ್ಟೆ. ಅಲ್ಯೂಮಿನಿಯಂ ದೋಣಿ ಎಂದು ನಾವು ಕರೆಯುವುದು ಪೂರ್ತಿಯಾಗಿ ಅಲ್ಯೂಮಿನಿಯಂ ಅಲ್ಲ. ಹಿಂಬದಿಯ ಗೋಡೆಗೆ ಅಲ್ಲಿನವರು ಟ್ರಾನ್ಸಮ್ ಎನ್ನುತ್ತಾರೆ. ಇಂಜಿನ್ನಿನ ಭಾರವನ್ನೂ ತಳ್ಳುವ ಬಲವನ್ನೂ ತೆಳು ತಗಡು ತಾಳಲಾರದು. ಆದ್ದರಿಂದ ಎರಡು ತಗಡುಗಳ ನಡುವೆ ದಪ್ಪ ಪ್ಲೈವುಡ್ ಇಟ್ಟು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಬೋಲ್ಟಿನ ತೂತುಗಳ ಮೂಲಕ ವರ್ಷಗಟ್ಟಲೆ ನೀರು ಇಳಿದು ಆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಗಿನ ತಗಡು ಮಾತ್ರ ಹೊಳೆಯುತ್ತಲೇ ಇರುತ್ತದೆ. ನೀವು ಸನ್ನೆಗೋಲಿನ ಪಾಠ ಓದಿದ್ದೀರಷ್ಟೆ? ಇಂಜಿನ್ನಿನ ಪ್ರೊಪೆಲ್ಲರ್ ಈ ಗೋಡೆಗಿಂತ ಕೆಳಗೆ ನೀರಿನಲ್ಲಿರುತ್ತದೆ. ಅದು ಮುಂದಕ್ಕೆ ತಳ್ಳಿದಾಗ ಇಂಜಿನ್ನಿನ ಕೆಳಭಾಗ ಗೋಡೆಯನ್ನು ಮುಂದಕ್ಕೆ ಒತ್ತುತ್ತದೆ, ಮೇಲಿನ ಹಿಡಿಕೆ ಹಿಂದಕ್ಕೆ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಈ ತಿರುಚುವ ಬಲವೂ ಹೆಚ್ಚುತ್ತದೆ. ಕೊಳೆತ ಮರ ನಿಧಾನ ವೇಗದಲ್ಲಿ ತಡೆದುಕೊಂಡು, ಪೂರ್ಣ ವೇಗದಲ್ಲಿ ಕೈಕೊಡುವುದು ಅದಕ್ಕೇ.

ನಮ್ಮ ತುಂಗಭದ್ರೆಯ ಹರಿಗೋಲಿನಲ್ಲಿ ಈ ಗುಟ್ಟುಗಳಿಲ್ಲ ಎಂಬುದನ್ನು ಗಮನಿಸಿ. ಹೆಣೆದ ಬಿದಿರು ಒಳಗಿನಿಂದ ಕಣ್ಣಿಗೆ ಕಾಣುತ್ತದೆ. ಮುರಿದ ದಬ್ಬೆಯನ್ನು ಕುಳಿತವನೇ ಎಣಿಸಬಹುದು. ಅಲ್ಯೂಮಿನಿಯಂ ದೋಣಿಯಲ್ಲಿ ಆಯುಸ್ಸು ತೀರುವ ಭಾಗಗಳೆಲ್ಲ ಮುಚ್ಚಿದ ಕಡೆ ಇರುತ್ತವೆ.

ಹಾಗಾದರೆ ನೋಡುವುದು ಹೇಗೆ? ಇಂಜಿನ್ನನ್ನು ಮೇಲಕ್ಕೆತ್ತಿ ನಿಲ್ಲಿಸಿ, ಅದರ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಬಲವಾಗಿ ಅಲುಗಿಸಬೇಕು. ಆಗ ಇನ್ನೊಬ್ಬರು ಹಿಂಬದಿ ಗೋಡೆಯ ಮೇಲಂಚನ್ನೇ ನೋಡುತ್ತಿರಬೇಕು. ಗಟ್ಟಿ ಮರವಿದ್ದರೆ ಇಡೀ ದೋಣಿ ಅಲುಗುತ್ತದೆ. ಕೊಳೆತ ಮರವಿದ್ದರೆ ಗೋಡೆಯೊಂದೇ ಬಾಗುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಮರ ಟಣ್ ಎಂದು ಉತ್ತರ ಕೊಡುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಹಲಸಿನಹಣ್ಣನ್ನು ತಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾರುವವರ ಒಪ್ಪಿಗೆ ಪಡೆದು ಒಂದು ಬೋಲ್ಟು ಬಿಚ್ಚಿದರೆ ಇನ್ನೂ ಒಳ್ಳೆಯದು. ತೂತಿನಿಂದ ಕಪ್ಪು ಪುಡಿಯೋ ನೀರೋ ಬಂದರೆ ಮಾತು ಮುಗಿಯಿತು.

ಇನ್ನು ಎರಡನೆಯ ಗುಟ್ಟು. ಇದು ಜೀವಕ್ಕೆ ಸಂಬಂಧಿಸಿದ್ದು. ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಅಲ್ಯೂಮಿನಿಯಂ ಹಗುರವೆಂದು ನಾವೆಲ್ಲ ತಿಳಿದಿದ್ದೇವೆ. ಅದು ಉಕ್ಕಿಗೆ ಹೋಲಿಸಿದರೆ ಮಾತ್ರ. ಅದರ ಸಾಂದ್ರತೆ ನೀರಿನ 2.7 ಪಟ್ಟು. ದೋಣಿ ತೇಲುವುದು ಅದರ ಬಟ್ಟಲಿನ ಆಕಾರದಿಂದ. ಒಳಗೆ ನೀರು ತುಂಬಿತೆಂದರೆ ಅದು ಬರಿಯ ಲೋಹ. ನೂರು ಕಿಲೋಗ್ರಾಂ ತೂಕದ ಅಲ್ಯೂಮಿನಿಯಂ ಮುಳುಗಿದಾಗ ಸುಮಾರು 37 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸನ ನಿಯಮದಂತೆ 37 ಕಿಲೋಗ್ರಾಂ ಭಾರ ಕಡಿಮೆಯಾಗುತ್ತದೆ, ಉಳಿದ 63 ಕಿಲೋಗ್ರಾಂ ತಳಕ್ಕೆ ಎಳೆಯುತ್ತದೆ. ಇಂಜಿನ್ನಿನ ಭಾರ ಬೇರೆ. ಇದನ್ನು ಎತ್ತಿಹಿಡಿಯಲು ಆಸನಗಳ ಒಳಗೂ ತಳದ ಹಲಗೆಯ ಕೆಳಗೂ ಹಗುರವಾದ ಫೋಮ್ ತುಂಬಿರುತ್ತಾರೆ. ಒಂದು ಲೀಟರ್ ಫೋಮ್ ಹೆಚ್ಚುಕಡಿಮೆ ಒಂದು ಕಿಲೋಗ್ರಾಮನ್ನು ಎತ್ತಿಹಿಡಿಯುತ್ತದೆ. ದೋಣಿಯೊಂದಕ್ಕೇ ಅರವತ್ತು ಲೀಟರಿಗಿಂತ ಹೆಚ್ಚು ಫೋಮ್ ಬೇಕೆಂದಾಯಿತು.

ಆದರೆ ಹಳೆಯ ಫೋಮ್ ನೀರು ಕುಡಿಯುತ್ತದೆ. ಮಿನ್ನೆಸೋಟದ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ, ಗಾತ್ರದಲ್ಲಿ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ, ಫೋಮಿನ ಸಣ್ಣ ಕೋಶಗಳನ್ನು ಒಡೆಯುತ್ತದೆ. ಮರುವರ್ಷ ಇನ್ನಷ್ಟು ನೀರು. ಕೊನೆಗೆ ಎತ್ತಿಹಿಡಿಯಬೇಕಾದ ವಸ್ತುವೇ ಹೊರೆಯಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ಉಪಾಯವೊಂದಿದೆ: ತಯಾರಕರು ಹೇಳಿರುವ ದೋಣಿಯ ತೂಕವನ್ನು ತಿಳಿದುಕೊಂಡು, ಧಾನ್ಯ ತೂಗುವ ದೊಡ್ಡ ತಕ್ಕಡಿಯ ಮೇಲೆ ಟ್ರೈಲರ್ ಸಮೇತ ಒಮ್ಮೆ, ಬರಿಯ ಟ್ರೈಲರನ್ನು ಒಮ್ಮೆ ತೂಗಿಸುವುದು. ಇಂಜಿನ್, ಬ್ಯಾಟರಿಗಳ ತೂಕ ಕಳೆದ ಮೇಲೂ ವ್ಯತ್ಯಾಸ ಹೆಚ್ಚಿದ್ದರೆ ಅದು ಒಳಗಿರುವ ನೀರು. ಅಮೆರಿಕದಲ್ಲಿ 1971ರಲ್ಲಿ ದೋಣಿ ಸುರಕ್ಷತೆಯ ಕಾನೂನೊಂದು ಬಂತು. ಅದರ ಅಡಿಯಲ್ಲಿ, 1978ರ ಆಗಸ್ಟ್‌ನಿಂದ ಈಚೆಗೆ ತಯಾರಾದ ಇಪ್ಪತ್ತು ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗಳು, ಎರಡು ಅಶ್ವಶಕ್ತಿಗಿಂತ ಹೆಚ್ಚಿನ ಇಂಜಿನ್ನಿನವಾದರೆ, ನೀರು ತುಂಬಿದರೂ ಮಗುಚದೆ ಸಮತಲವಾಗಿ ತೇಲುವಂತಿರಬೇಕು. ನಮ್ಮದು 1974ರದು. ಆ ನಾಲ್ಕು ವರ್ಷಗಳ ಅಂತರದ ಬೆಲೆ ನಮಗೆ ಆ ದಿನ ಗೊತ್ತಿರಲಿಲ್ಲ. ಹಳೆಯ ದೋಣಿ ಕೊಳ್ಳುವ ಹುಡುಗರಿಗೆ ನಾನು ಮೊದಲು ಕೇಳುವ ಪ್ರಶ್ನೆ ಬೆಲೆಯದಲ್ಲ, ಇಸವಿಯದು.

ಇಸವಿಯನ್ನು ತಿಳಿಯುವುದು ಸುಲಭ. 1972ರ ನವೆಂಬರ್‌ನಿಂದ ಪ್ರತಿ ದೋಣಿಗೂ ಹನ್ನೆರಡು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಹಿಂಬದಿಯ ಬಲಗಡೆ ಮೇಲ್ಮೂಲೆಯಲ್ಲಿ ನೋಡಿ. ಅದರ ಕೊನೆಯ ಭಾಗ ಕಾಲವನ್ನು ಹೇಳುತ್ತದೆ. ಇನ್ನೊಂದು ಚಿಕ್ಕ ಫಲಕದ ಮೇಲೆ ಎಷ್ಟು ಜನ, ಎಷ್ಟು ಭಾರ, ಎಷ್ಟು ಅಶ್ವಶಕ್ತಿ ಎಂದು ಬರೆದಿರುತ್ತದೆ. ನಮ್ಮ ದೋಣಿಯ ಫಲಕದ ಮೇಲೂ ಹಸಿರು ಬಣ್ಣ ಬಳಿದಿದ್ದರು. ಆಮೇಲೆ ಕೆರೆದು ನೋಡಿದರೆ 20 ಎಂದಿತ್ತು. ಇಂಜಿನ್ 25ರದು ಎಂದು ಆಗಲೇ ಹೇಳಿದೆನಲ್ಲ.

ಈಗ ಲೋಹಕ್ಕೆ ಬರೋಣ. ತಗಡುಗಳನ್ನು ಕೂಡಿಸಿದ ರಿವೆಟ್‌ಗಳು ಅಲೆಗಳ ಹೊಡೆತಕ್ಕೆ ನಿಧಾನವಾಗಿ ಸಡಿಲವಾಗುತ್ತವೆ. ಇದನ್ನು ಪರೀಕ್ಷಿಸುವ ರೀತಿ ನನಗೆ ಬಹಳ ಇಷ್ಟ. ದೋಣಿಯನ್ನು ನೀರಿನಲ್ಲಿ ಇಳಿಸುವ ಬದಲು ನೀರನ್ನು ದೋಣಿಯಲ್ಲಿ ಇಳಿಸುತ್ತಾರೆ. ಟ್ರೈಲರ್ ಮೇಲೆ ನಿಂತ ದೋಣಿಗೆ ನಾಲ್ಕು ಬೆರಳು ನೀರು ತುಂಬಿ, ಕೆಳಗೆ ಮಲಗಿ, ಎಲ್ಲಿ ಹನಿಯುತ್ತದೋ ಅಲ್ಲಿ ಬಳಪದಿಂದ ಗುರುತು ಹಾಕುವುದು. ಹೆಚ್ಚು ತುಂಬಬಾರದು. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳದಲ್ಲಿ ಹತ್ತು ಸೆಂಟಿಮೀಟರ್ ನೀರೆಂದರೆ ಮುನ್ನೂರು ಲೀಟರ್, ಅಂದರೆ ಮುನ್ನೂರು ಕಿಲೋಗ್ರಾಂ. ಟ್ರೈಲರ್ ಮೇಲೆ ಸರಿಯಾದ ಆಧಾರವಿಲ್ಲದ ತಳ ಅದರ ಭಾರಕ್ಕೇ ಜೋತುಬೀಳಬಹುದು. ಹತ್ತಾರು ಹನಿಗಳಿಗೆ ಹೆದರಬೇಕಾಗಿಲ್ಲ. ಒಬ್ಬರು ಹೊರಗಿನಿಂದ ಭಾರವಾದ ಕಬ್ಬಿಣದ ತುಂಡನ್ನು ರಿವೆಟ್ಟಿನ ತಲೆಗೆ ಒತ್ತಿಹಿಡಿದು, ಇನ್ನೊಬ್ಬರು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದರೆ ಹೆಚ್ಚಿನವು ಬಿಗಿಯಾಗುತ್ತವೆ. ಸೋರುವ ದೋಣಿ ಎಂದು ಅಗ್ಗಕ್ಕೆ ಮಾರುವವರಿಂದ ಜಾಣರು ಕೊಳ್ಳುವುದು ಇದನ್ನು ಬಲ್ಲದ್ದರಿಂದಲೇ. ಆದರೆ ಏಣಿನ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ, ಅದರಲ್ಲೂ ಹಿಂದೆ ಯಾರೋ ಬೆಸುಗೆ ಹಾಕಿದ ಪಕ್ಕದಲ್ಲೇ ಮತ್ತೆ ಬಿರುಕಿದ್ದರೆ, ಕೈಮುಗಿದು ಹಿಂದಿರುಗುವುದು ಲೇಸು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲವೆಂದು ಕೇಳಿದ್ದೀರಿ. ಅದು ಆಮ್ಲಜನಕದೊಡನೆ ಕೂಡುವುದಿಲ್ಲ ಎಂದಲ್ಲ, ತಕ್ಷಣವೇ ಕೂಡುತ್ತದೆ. ಹಾಗೆ ಉಂಟಾದ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಮುಂದಿನ ಲೋಹವನ್ನು ಕಾಯುತ್ತದೆ. ಗೀರಿದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರನ್ನು ರಾತ್ರಿಯಿಡೀ ಬಿಡಬೇಡವೆಂದು ಮನೆಯಲ್ಲಿ ಹೇಳುವುದು ಈ ಪದರವನ್ನು ಆಮ್ಲ ಕರಗಿಸುವುದರಿಂದ. ದೋಣಿಯಲ್ಲಿ ಹುಣಿಸೆಹುಳಿಯ ಕೆಲಸವನ್ನು ಮಾಡುವುದು ಆ ಒದ್ದೆ ಹೊದಿಕೆ. ಅದರ ಕೆಳಗೆ ನೀರು ನಿಲ್ಲುತ್ತದೆ, ಗಾಳಿ ಸುಳಿಯುವುದಿಲ್ಲ, ಆಮ್ಲಜನಕವಿಲ್ಲದೆ ಪದರ ಕೂಡಿಕೊಳ್ಳುವುದಿಲ್ಲ. ಹೊದಿಕೆ ಎತ್ತಿದಾಗ ಬಿಳಿ ಪುಡಿ, ಅದರ ಕೆಳಗೆ ಸೂಜಿಮೊನೆಯ ಗುಳಿಗಳು ಕಂಡರೆ ತಗಡು ತೆಳುವಾಗಿದೆ ಎಂದರ್ಥ.

ತಾಮ್ರವಂತೂ ಅದರ ಹಗೆ. ನಿಮ್ಮ ಪುಸ್ತಕದ ವಿದ್ಯುದ್ವಾರ ವಿಭವಗಳ ಪಟ್ಟಿಯನ್ನು ತೆರೆಯಿರಿ: ಅಲ್ಯೂಮಿನಿಯಂ ಋಣ 1.66 ವೋಲ್ಟ್, ತಾಮ್ರ ಧನ 0.34 ವೋಲ್ಟ್. ಎರಡೂ ಒಂದನ್ನೊಂದು ಮುಟ್ಟಿಕೊಂಡು ನೀರಿನಲ್ಲಿದ್ದರೆ ಒಂದು ಸಣ್ಣ ಕೋಶವೇ ಏರ್ಪಟ್ಟು, ಅಲ್ಯೂಮಿನಿಯಂ ಕರಗತೊಡಗುತ್ತದೆ. ಜೇಬಿನಿಂದ ಬಿದ್ದು ತಳದ ನೀರಿನಲ್ಲಿ ಉಳಿದ ಒಂದು ತಾಮ್ರದ ನಾಣ್ಯ ಗುಳಿ ಕೊರೆಯಬಲ್ಲದು. ಇದಕ್ಕಿಂತ ದೊಡ್ಡ ತಪ್ಪನ್ನು ಜನ ತಿಳಿದೂ ತಿಳಿದೂ ಮಾಡುತ್ತಾರೆ. ಕೊಳೆತ ಟ್ರಾನ್ಸಮ್ ತೆಗೆದು, ಇನ್ನು ಕೊಳೆಯಲೇಬಾರದೆಂದು, ಔಷಧ ಉಣಿಸಿದ ಹಲಗೆಯನ್ನು ಹಾಕುತ್ತಾರೆ. ಆ ಔಷಧದಲ್ಲಿರುವುದು ತಾಮ್ರದ ಲವಣ. 2003ರ ಕೊನೆಯಲ್ಲಿ ಅಮೆರಿಕದಲ್ಲಿ ಮನೆಬಳಕೆಯ ಹಲಗೆಗಳಿಗೆ ಆರ್ಸೆನಿಕ್ ಬೆರೆತ ಔಷಧ ನಿಂತು, ಅದರ ಬದಲು ಬಂದವುಗಳಲ್ಲಿ ತಾಮ್ರ ಇನ್ನೂ ಹೆಚ್ಚು. ಹಲಗೆ ಉಳಿಯುತ್ತದೆ, ದೋಣಿ ಹೋಗುತ್ತದೆ. ಆದ್ದರಿಂದ ಹೊಸ ಟ್ರಾನ್ಸಮ್ ಹಾಕಿದೆ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ, ಯಾವ ಮರ ಎಂದು ಕೇಳಲು ಮರೆಯಬಾರದು.

ಇಂಜಿನ್ನಿನ ಬಗೆಗೆ ಬೇರೆ ಭಾಷಣವೇ ಬೇಕು. ಎರಡು ಮಾತು ಸಾಕು. ಕೆಳಗಿನ ಗೇರುಪೆಟ್ಟಿಗೆಯ ಎಣ್ಣೆ ಹಾಲುಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ; ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳುತ್ತದೆ. ಓಡುವಾಗ ಪಕ್ಕದಿಂದ ತೆಳುಧಾರೆಯಾಗಿ ನೀರು ಚಿಮ್ಮದಿದ್ದರೆ ಇಂಜಿನ್ನಿಗೆ ತಂಪು ಸಿಗುತ್ತಿಲ್ಲ. ಟ್ರೈಲರಿನದು ಇನ್ನೂ ಸರಳ: ಹತ್ತು ಮೈಲಿ ಎಳೆದು, ಚಕ್ರದ ಗುಂಬವನ್ನು ಮುಟ್ಟಿ ನೋಡಿ, ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಹೋಗಿದೆ. ನೋಂದಣಿ ಪತ್ರದ ಸಂಖ್ಯೆ ದೋಣಿಯ ಸಂಖ್ಯೆಯೊಂದಿಗೆ ಹೊಂದಬೇಕು ಎಂಬುದನ್ನು ಹೇಳಲೇಬೇಕಾಗಿಲ್ಲ. ನಿಮ್ಮ ವಯಸ್ಸಿನವರಿಗೆ ಒಂದು ಹೊಸ ವಿಷಯ: ಮಿನ್ನೆಸೋಟದಲ್ಲಿ 2025ರ ಜುಲೈನಿಂದ ಮೋಟಾರು ದೋಣಿ ನಡೆಸಲು ಪಾಠ ಕಲಿತು ಅನುಮತಿಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. 2004ರ ಜುಲೈ 1ರ ನಂತರ ಹುಟ್ಟಿದವರಿಂದ ಅದನ್ನು ಆರಂಭಿಸಿದ್ದಾರೆ. ದೋಣಿಯನ್ನು ರಸ್ತೆಯಲ್ಲಿ ಸಾಗಿಸುವಾಗ ತಳದ ಬಿರಡೆಯನ್ನು ತೆಗೆದಿರಬೇಕೆಂಬ ಕಾನೂನೂ ಅಲ್ಲಿದೆ. ಜೀಬ್ರಾ ಮಸೆಲ್ ಎಂಬ ಪರದೇಶದ ಚಿಪ್ಪುಜೀವಿ 1989ರಲ್ಲಿ ಡುಲೂತ್ ಬಂದರಿನಲ್ಲಿ ಕಾಣಿಸಿಕೊಂಡಿತು; ದೋಣಿಯಲ್ಲಿ ಉಳಿದ ನೀರಿನೊಡನೆ ಅದು ಸರೋವರದಿಂದ ಸರೋವರಕ್ಕೆ ದಾಟುತ್ತದೆ. ಮತ್ತೆ ನೀರಿಗಿಳಿಸುವಾಗ ಆ ಬಿರಡೆಯನ್ನು ಹಾಕಲು ಮರೆತವರ ಕತೆಗಳು ಅಲ್ಲಿ ಊರಿಗೊಂದು.

ನಮ್ಮ ದೋಣಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೊಂಡಿದ್ದೀರಿ ಎಂದರು. ಕಾಗದದಲ್ಲಿ ಹಾಗೆಯೇ ಬರೆದಿತ್ತು, ನಾವೇ ಸಹಿ ಮಾಡಿದ್ದೆವು. ಆ ಬೇಸಿಗೆಯೆಲ್ಲ ಪಕ್ಕದ ಮನೆಯ ಹಿರಿಯರ ಶೆಡ್ಡಿನಲ್ಲಿ ಕೆಲಸ ಮಾಡಿದೆವು. ಔಷಧವಿಲ್ಲದ ಸಾದಾ ಪ್ಲೈವುಡ್ಡಿನ ಎರಡು ಪದರಗಳನ್ನು ಅಂಟಿಸಿ, ಅಂಚುಗಳಿಗೂ ಪ್ರತಿಯೊಂದು ತೂತಿಗೂ ಎಪಾಕ್ಸಿ ಕುಡಿಸಿ, ತುಕ್ಕುರಹಿತ ಉಕ್ಕಿನ ಬೋಲ್ಟು ಹಾಕಿದೆವು. ಆಸನಗಳನ್ನು ತೆರೆದಾಗ ಹಳೆಯ ಫೋಮನ್ನು ಹಿಂಡಿದರೆ ನೀರು ಸುರಿಯಿತು. ಹೊದಿಕೆಯನ್ನು ಕಿತ್ತು ಎಸೆದೆವು. ಇಂಜಿನ್ನನ್ನು ಮಾರಿ ಹದಿನೈದು ಅಶ್ವಶಕ್ತಿಯದನ್ನು ತಂದೆವು. ಮೂರು ಬೇಸಿಗೆ ಅದರಲ್ಲಿ ಮೀನು ಹಿಡಿದೆವು, ಲೈಫ್ ಜಾಕೆಟ್ ತೊಟ್ಟುಕೊಂಡು.

1999ರಲ್ಲಿ ನಾನು ಊರು ಬಿಡುವಾಗ ದೋಣಿಯನ್ನು ನೋಡಲು ಎಳೆಯ ದಂಪತಿಗಳು ಬಂದರು. ಗಂಡನಿಗೆ ಬಣ್ಣದ ಮೇಲೆ ಮನಸ್ಸಿತ್ತು. ಅಲ್ಲಲ್ಲಿ ಕಿತ್ತುಹೋಗಿದೆಯಲ್ಲ ಎಂದ. ಹೆಂಡತಿ ಏನೂ ಮಾತನಾಡದೆ ಹಿಂದಕ್ಕೆ ಹೋಗಿ, ಇಂಜಿನ್ನಿನ ಕೆಳತುದಿಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಇಡೀ ದೋಣಿ ಟ್ರೈಲರ್ ಸಮೇತ ಅಲುಗಿತು.